ಊಟಿಯ ಕೆರೆ ಕಂಡಿದ್ದು ಕೋಟಗಿರಿಯಲ್ಲಿ

ಮೊದಲು ರೂಮಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಇಳಿಯುವುದಿಲ್ಲ. ಊಟಿ ಬಸ್ ಸ್ಟ್ಯಾಂಡ್ ಎದುರಿಗೇ ಒಂದು ಲಾಡ್ಜ್. ಫೋನಿನಲ್ಲಿ 'ಲೇಕ್ ವ್ಯೂ ಸಾರ್' ಎಂದು ಹೇಳಿ ರಾತ್ರಿಗೆ 3,200 ರೂಪಾಯಿ ಮೊದಲೇ ಹಾಕಿಸಿಕೊಂಡರು. ಕಿಟಕಿ ತೆಗೆದರೆ ಸಾಲಾಗಿ ನಿಂತ ಬಸ್ಸುಗಳು. ಕೆರೆ ಎಲ್ಲಪ್ಪಾ ಎಂದರೆ ರೂಮ್ ಹುಡುಗ ತಾರಸಿಗೆ ಕರೆದುಕೊಂಡು ಹೋಗಿ ನೀರಿನ ಟ್ಯಾಂಕ್ ಪಕ್ಕ ನಿಲ್ಲಿಸಿ ಬೆರಳು ತೋರಿಸಿದ. ಮರಗಳ ಸಂದಿಯಲ್ಲಿ ಏನೋ ಮಿನುಗಿತು. ಅದು ಕೆರೆಯೋ ತಗಡಿನ ಶೀಟೋ, ದೇವರಿಗೇ ಗೊತ್ತು. ಬಿಸಿನೀರು ಬೆಳಿಗ್ಗೆ ಒಂದೇ ಗಂಟೆ.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿಯ ಬಸ್ಸು. ಹಿಂದಿನ ಸಾಲಿನ ಸೀಟು ಸಿಕ್ಕಿದರೆ ಮುಂದಿನ ಬಸ್ಸಿಗೆ ಕಾಯಿರಿ. ಗೂಡಲೂರಿನ ಮೇಲಿನ ಘಾಟಿಯಲ್ಲಿ ನಮ್ಮ ಸೊಂಟ ನಮ್ಮದಾಗಿ ಉಳಿಯಲಿಲ್ಲ. ಸ್ವಂತ ಕಾರಿನವರು ನೀಲಗಿರಿಗೆ ಹೋಗಲು ಆನ್‌ಲೈನಿನಲ್ಲಿ ಇ-ಪಾಸ್ ಮಾಡಿಸಿಕೊಳ್ಳಿ, 2024ರ ಮೇ ತಿಂಗಳಿಂದ ಕೇಳುತ್ತಿದ್ದಾರೆ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ. ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ ನಿಷೇಧ ಇದೆ.

ನಾನು ಹೋಗಿದ್ದು ಹಳೇ ಊಟಿಯ ಫೋಟೋ ನೋಡುವ ಹುಚ್ಚಿಗೆ. ಅದಕ್ಕೆ ಊಟಿಯಲ್ಲಿ ಸುಮ್ನೆ ಅಲೆಯಬೇಡಿ, ಕೋಟಗಿರಿಯ ಬಸ್ಸು ಹತ್ತಿ. ಸುಮಾರು 30 ಕಿಲೋಮೀಟರ್. ಕೋಟಗಿರಿಯಿಂದ ಸ್ವಲ್ಪ ದೂರದಲ್ಲಿ ಕನ್ನೇರಿಮುಕ್ಕು ಎಂಬ ಹಳ್ಳಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಕಟ್ಟಿಸಿದ ಬಂಗಲೆ ಅಲ್ಲಿದೆ, ಈಗ ಅದು ಸಣ್ಣ ಮ್ಯೂಸಿಯಂ. ಊಟಿಯಲ್ಲಿ ಅವನ ಕಲ್ಲುಮನೆಯ ಕೆಲಸ ಶುರುವಾಗಿದ್ದು ಆಮೇಲೆ, 1822ರಲ್ಲಿ. ಆ ಕಾಲಕ್ಕೆ ಕ್ಯಾಮೆರಾ ಎಲ್ಲಿಂದ ಬರಬೇಕು? ಹಾಗಾಗಿ ಊಟಿಯ ಮೊದಲ ದಿನಗಳಿಗೆ ಕೈಯಲ್ಲಿ ಬರೆದ ಚಿತ್ರಗಳೇ ಗತಿ, ಫೋಟೋ ಆಮೇಲಿನ ಮಾತು. ಅಲ್ಲಿನ ಹಳೇ ಫೋಟೋದಲ್ಲಿ ಕಣ್ಣಿಗೆ ಹೊಡೆಯುವುದು ಬೋಳು ಹುಲ್ಲುಗುಡ್ಡಗಳು. ಹುಲ್ಲಿನ ಮಧ್ಯೆ ಅಲ್ಲಲ್ಲಿ ಶೋಲಾ ಕಾಡು, ಅಂದರೆ ಕಣಿವೆಯ ದಟ್ಟ ಕಾಡಿನ ತುಂಡುಗಳು, ಅಷ್ಟೇ. ನಾವು ಊಟಿ ಎಂದರೆ ನೀಲಗಿರಿ ಮರ ಎಂದುಕೊಂಡಿದ್ದೇವೆ ಅಲ್ವಾ? ಅದು ಆಸ್ಟ್ರೇಲಿಯಾದಿಂದ ತಂದು ನೆಟ್ಟಿದ್ದು.

ಅಲ್ಲೇ ಇನ್ನೊಂದು ವಿಷಯ ತಿಳಿದಾಗ ನಗು ಬಂತು. ಸಲಿವನ್ ಕಟ್ಟಿಸಿದ ಊಟಿ ಕೆರೆ ಆಗ ಈಗಿನದಕ್ಕಿಂತ ತುಂಬಾ ದೊಡ್ಡದು. ಅದು ಕುಗ್ಗಿದ ಜಾಗದಲ್ಲೇ ಬಸ್ ಸ್ಟ್ಯಾಂಡ್, ರೇಸ್ ಕೋರ್ಸ್ ಎದ್ದಿವೆ. ಅಂದರೆ ನನ್ನ ಕಿಟಕಿಯ ಎದುರು ಒಂದು ಕಾಲಕ್ಕೆ ನಿಜವಾಗಿಯೂ ನೀರಿತ್ತು!

ಮಧ್ಯಾಹ್ನ ಕೋಟಗಿರಿ ಪೇಟೆಯಲ್ಲಿ ಬೋರ್ಡೇ ಇಲ್ಲದ ಒಂದು ಮನೆ-ಹೋಟೆಲಿಗೆ ನುಗ್ಗಿದೆವು. ಮೂರು ಬೆಂಚು. ನಡೆಸುವ ಅಮ್ಮ ನೀಲಗಿರಿಯ ಬಡಗ ಸಮುದಾಯದವರು. ನನ್ನ ಮುರುಕು ತಮಿಳು ಕೇಳಿ ನಕ್ಕು, ಬಡಗ ಮಾತಿನಲ್ಲೇ ಶುರು ಮಾಡಿದರು. ಅರ್ಧಕ್ಕರ್ಧ ತಿಳಿಯಿತು, ಅಜ್ಜಿ ಕಾಲದ ಕನ್ನಡ ಕೇಳಿದ ಹಾಗೆ. ಬಿಸಿ ಅನ್ನ, ಅವರೆಕಾಳು ಆಲೂಗೆಡ್ಡೆ ಹಾಕಿದ ಗಟ್ಟಿ ಸಾರು, ಮೇಲೊಂದು ಚಮಚ ತುಪ್ಪ. ಸಾರಿನಲ್ಲಿ ಹುಳಿ ಕಡಿಮೆ, ಖಾರ ಜಾಸ್ತಿ, ಆ ಚಳಿಗೆ ಅದೇ ಸರಿ. ಎಲೆ ಖಾಲಿಯಾಗಲು ಬಿಡಲೇ ಇಲ್ಲ. ಕೊನೆಗೆ ಟೀ ಜೊತೆ ವರ್ಕಿ ಎಂಬ ಪದರ ಪದರದ ಬಿಸ್ಕತ್ತು, ಕೈಯಲ್ಲೇ ಪುಡಿಯಾಗುವಷ್ಟು ಗರಿಗರಿ. ಇಬ್ಬರಿಗೆ 180 ರೂಪಾಯಿ. ಮರುದಿನ ಅಲ್ಲಿ ಊಟ ಮಾಡಲೆಂದೇ ಮತ್ತೆ ಬಸ್ಸು ಹತ್ತಿದೆವು.

ಊಟಿಯಲ್ಲಿ ಬಿಡಬಾರದ್ದು ಸೇಂಟ್ ಸ್ಟೀಫನ್ಸ್ ಚರ್ಚ್. 1829ರಲ್ಲಿ ಅಡಿಗಲ್ಲು ಬಿದ್ದಿದ್ದು. ಒಳಗೆ ತಲೆ ಎತ್ತಿ ಆ ತೊಲೆಗಳನ್ನು ನೋಡಿ. ಶ್ರೀರಂಗಪಟ್ಟಣದ ಟಿಪ್ಪುವಿನ ಲಾಲ್ ಮಹಲ್ ಅರಮನೆ ಕೆಡವಿ, ಆ ಮರ ಇಲ್ಲಿಗೆ ತಂದಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಆ ಅರಮನೆಯ ಬರೀ ಅಡಿಪಾಯ ನೋಡಿ ಬಂದ ನನಗೆ ಒಂಥರಾ ಆಯಿತು. ಹಿಂದಿನ ಸ್ಮಶಾನದಲ್ಲಿ ಸಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿ ಇದೆ. ಚರ್ಚಿಗೆ ಬೆಳಿಗ್ಗೆ ಬೇಗ ಹೋಗಿ, ನನಗಂತೂ ಗುಂಪು ಕಂಡರೆ ಆಗುವುದಿಲ್ಲ. ಅದಕ್ಕೇ ಬೊಟಾನಿಕಲ್ ಗಾರ್ಡನ್ ಗೇಟಿನಿಂದಲೇ ವಾಪಸ್ ಬಂದೆ.

ಹೊರಡುವಾಗ ರೂಮ್ ಹುಡುಗನಿಗೆ ಕೆರೆಯ ಕಥೆ ಹೇಳಿದೆ. ಅವನು ಸ್ವಲ್ಪವೂ ಅಂಜದೆ, "ನೋಡಿ ಸಾರ್, ನಾವು ಸುಳ್ಳು ಹೇಳಲಿಲ್ಲ" ಎಂದ. ನೀವು ರೂಮನ್ನು ಕೋಟಗಿರಿಯಲ್ಲೇ ಮಾಡಿ.