ಉಪ್ಪನ್ನು ನೀರಲ್ಲಿ ತೊಳೆದ ದಿನ

ಎರಡು ಗಾಜಿನ ಸಿಲಿಂಡರುಗಳನ್ನು ಕಪ್ಪು ಹಾಳೆಯ ಮುಂದೆ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ಎಡಗಡೆಯದು ಸ್ಟ್ಯಾಂಡರ್ಡ್, ಅಂದರೆ ಮಿತಿ ಎಷ್ಟು ಅಂತ ಹೋಲಿಸಿ ನೋಡುವ ದ್ರಾವಣ. ಬಲಗಡೆಯದು ನಮ್ಮ ಉಪ್ಪು. ಎರಡರಲ್ಲೂ ಬಿಳಿ ಮಸುಕು. ಅಕ್ಕಿ ತೊಳೆದ ನೀರಿಗೆ ಇನ್ನಷ್ಟು ನೀರು ಬೆರೆಸಿದ ಹಾಗೆ. ಬಲಗಡೆಯದು ಒಂದು ಚೂರು ಜಾಸ್ತಿ ಇತ್ತು. ಇತ್ತಾ? ಕಿಟಕಿ ಕಡೆ ತಿರುಗಿದರೆ ಎರಡೂ ಒಂದೇ ಥರ. ಟ್ಯೂಬ್‌ಲೈಟ್ ಕೆಳಗೆ ಬಂದರೆ ಮತ್ತೆ ಜಾಸ್ತಿ.

ಬೆಂಗಳೂರಿನ ಹೊರಗಿನ ಒಂದು ಚಿಕ್ಕ ಫ್ಯಾಕ್ಟರಿಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ ನಾನು ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಅಲ್ಲಿ ಮಾಡುತ್ತಿದ್ದುದು ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪೇ. ಆಸ್ಪತ್ರೆಯಲ್ಲಿ ಕೈಗೆ ಏರಿಸುವ ಸಲೈನಿಗೆ ಹೋಗುವ ಉಪ್ಪು. 500 ಎಂಎಲ್ ಬಾಟಲಿಯಲ್ಲಿ ಇರುವುದು ನಾಲ್ಕೂವರೆ ಗ್ರಾಂ ಅಷ್ಟೇ. ಆದರೆ ಅದು ಹೊಟ್ಟೆಯ ದಾರಿ ಹಿಡಿಯುವುದಿಲ್ಲ, ನೇರ ರಕ್ತಕ್ಕೆ ಹೋಗುತ್ತದೆ.

ನಮ್ಮೂರು ಅಂಕೋಲಾ ಕಡೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದ ಉಪ್ಪು ತಿಂದು ಬೆಳೆದವಳು ನಾನು. ಸ್ವಲ್ಪ ಕಂದು ಬಣ್ಣ. ಮಳೆಗಾಲದಲ್ಲಿ ಭರಣಿಯೊಳಗೇ ನೀರು ಬಿಡುತ್ತದೆ. ಹಾಗೆ ಗಾಳಿಯ ತೇವ ಎಳೆದುಕೊಳ್ಳುವುದು ಹೆಚ್ಚಾಗಿ ಅದರ ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡ್ ಅಂತ ತಿಳಿದದ್ದು ಓದಿದ ಮೇಲೆ. ಕೆಲಸ ಏನು ಅಂತ ವಿವರಿಸಿದಾಗ ಅಮ್ಮ ಕೇಳಿದ್ದಳು, "ಉಪ್ಪು ತೊಳೀಲಿಕ್ಕೆ ಎಂಎಸ್ಸಿ ಮಾಡ್ಬೇಕಾಗಿತ್ತನೇ?"

ತೊಳೆಯುವುದು ಕೊನೆಯ ಕೆಲಸ. ಮೊದಲು ಕಚ್ಚಾ ಉಪ್ಪನ್ನು ನೀರಿನಲ್ಲಿ ಕರಗಿಸುತ್ತಾರೆ. ಬೇರಿಯಂ ಕ್ಲೋರೈಡ್ ಹಾಕಿದರೆ ಸಲ್ಫೇಟು ಬಿಳಿ ಗಸಿಯಾಗಿ ಕೆಳಗೆ ಕೂರುತ್ತದೆ. ಬೇರಿಯಂ ವಿಷ, ಹಾಗಾಗಿ ಅದನ್ನು ಸ್ವಲ್ಪ ಕಡಿಮೆಯೇ ಹಾಕಬೇಕು. ಉಳಿದಿದ್ದರೆ ಅದನ್ನೂ, ಕ್ಯಾಲ್ಸಿಯಮ್ಮನ್ನೂ ತೆಗೆಯಲು ಸೋಡಿಯಂ ಕಾರ್ಬೊನೇಟ್. ಮೆಗ್ನೀಸಿಯಮ್ಮಿಗೆ ಕಾಸ್ಟಿಕ್ ಸೋಡಾ. ಸೋಸಿದ ಮೇಲೆ, ಹೆಚ್ಚಾದ ಕಾರ್ಬೊನೇಟು ಮತ್ತು ಕಾಸ್ಟಿಕ್ ಹೋಗಲಿ ಅಂತ ಹೈಡ್ರೋಕ್ಲೋರಿಕ್ ಆಸಿಡ್. ಕಳ್ಳನನ್ನು ಹಿಡಿಯಲು ಒಬ್ಬನನ್ನು ಕಳಿಸಿ, ಅವನನ್ನು ಹೊರಗೆ ಹಾಕಲು ಇನ್ನೊಬ್ಬನನ್ನು ಕಳಿಸಿದ ಹಾಗೆ.

ಬೇರೆ ಎಷ್ಟೋ ಲವಣಗಳನ್ನು ಬಿಸಿ ನೀರಲ್ಲಿ ಕರಗಿಸಿ ತಣ್ಣಗೆ ಮಾಡಿದರೆ ಸಾಕು, ಹರಳು ಬೀಳುತ್ತದೆ. ಉಪ್ಪು ಆ ವಿಷಯದಲ್ಲಿ ಮೊಂಡ. 100 ಎಂಎಲ್ ತಣ್ಣೀರಿನಲ್ಲಿ 36 ಗ್ರಾಂ ಕರಗಿದರೆ ಕುದಿಯುವ ನೀರಲ್ಲೂ 39ರ ಹತ್ತಿರ ಅಷ್ಟೇ. ಹಾಗಾಗಿ ನೀರನ್ನೇ ಆವಿ ಮಾಡಬೇಕು. ಬಿದ್ದ ಹರಳನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಹರಳು ಬಿದ್ದ ಮೇಲೆ ಉಳಿದ ತಾಯಿ ನೀರು, ಅಂದರೆ ಮದರ್ ಲಿಕ್ಕರ್ ತೆಗೆಯುತ್ತಾರೆ. ಆ ನೀರನ್ನು ಚೆಲ್ಲುವುದಿಲ್ಲ, ಮುಂದಿನ ಬ್ಯಾಚಿಗೆ ಸೇರಿಸುತ್ತಾರೆ. ಹರಳಿಗೆ ಅಂಟಿ ಉಳಿದದ್ದು ಹೋಗಲಿ ಅಂತ ಸೆಂಟ್ರಿಫ್ಯೂಜಿನಲ್ಲೇ ನೀರು ಹಾಕಿ ತೊಳೆಯುತ್ತಾರೆ.

ಬ್ಯಾಚು ಬಿಪಿ ಪ್ರಕಾರ ಪಾಸಾಗಬೇಕಿತ್ತು. ಬಿಪಿ ಅಂದರೆ ಬ್ರಿಟಿಷ್ ಫಾರ್ಮಕೋಪಿಯಾ, ಔಷಧಗಳ ಗುಣಮಟ್ಟ ಹೇಳುವ ಪುಸ್ತಕ. ಉಪ್ಪಿನ ಫ್ಯಾಕ್ಟರಿಯಲ್ಲಿ ದಿನವಿಡೀ ಬಿಪಿ ಬಿಪಿ ಅಂತಿದ್ದರೆ ಹೊಸಬರಿಗೆ ನಗು ಬರುವುದು ಸಹಜ. ಬೆಳಿಗ್ಗೆ ಸಿಲ್ವರ್ ನೈಟ್ರೇಟಿನಲ್ಲಿ ಟೈಟ್ರೇಶನ್ ಮಾಡಿ ಶುದ್ಧತೆ ನೋಡಿದ್ದೆ, ನೂರಕ್ಕೆ 99.7 ಬಂದಿತ್ತು. 99 ದಾಟಿದರೆ ಸಾಕು. ಒಣಗಿಸಿ ತೂಗಿದ್ದೂ ಸರಿ ಇತ್ತು. ತಕರಾರು ಸಲ್ಫೇಟಿನದು ಮಾತ್ರ. ಸಿಲಿಂಡರಿನಲ್ಲಿ ಕಂಡ ಬಿಳಿ ಮಸುಕು ಅದೇ, ಬೇರಿಯಂ ಕ್ಲೋರೈಡ್ ಹಾಕಿದಾಗ ಬಂದದ್ದು. ಹತ್ತು ಲಕ್ಷ ಭಾಗ ಉಪ್ಪಿಗೆ 200 ಭಾಗ ಮೀರಬಾರದು.

"ಮೇಡಂ, ಹೆಚ್ಚೂ ಕಡಿಮೆ ಸಮ ಇದೆ" ಎಂದೆ, ಲ್ಯಾಬಿನ ನಮ್ಮ ಹಿರಿಯರಿಗೆ.

"ಹೆಚ್ಚಾ, ಕಡಿಮೆಯಾ? ಅದನ್ನ ಹೇಳು."

ಹೆಚ್ಚು ಎಂದೆ. ಹೇಳಿದ ಮೇಲೆ ಒಂಥರಾ ಹಗುರವಾಯಿತು. ಅವತ್ತು ಸಂಜೆ ಲಾರಿಗೆ ಏರಬೇಕಿದ್ದ ಮಾಲು ಅದು.

ಮೊದಲ ಅನುಮಾನ ನನ್ನ ಮೇಲೇ. ಸಿಲಿಂಡರನ್ನು ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಿಟ್ಟಿದ್ದೆನಾ ಅಂತ ಮೇಡಂ ಕೇಳಿದರು. ಆ ನೀರಲ್ಲೂ ಸಲ್ಫೇಟು ಇರುತ್ತದಲ್ಲ. ಇಲ್ಲ ಎಂದೆ, ಆದರೂ ಎದೆ ಢವಢವ. ಹೊಸ ಸಿಲಿಂಡರು, ಹೊಸ ದ್ರಾವಣ. ಉಪ್ಪು ಹಾಕದೆ ಬರೀ ನೀರಿನದೂ ಒಂದು ಮಾಡಿದೆವು. ಬರೀ ನೀರು ತಿಳಿಯಾಗಿಯೇ ಉಳಿಯಿತು. ಉಪ್ಪಿನದು ಮತ್ತೆ ಮಸುಕು.

ಆಮೇಲೆ ಮೇಡಂ ಮಾಡಿದ್ದು ನನಗೆ ಇವತ್ತಿಗೂ ಇಷ್ಟ. ಅದೇ ಬ್ಯಾಚಿನ 50 ಗ್ರಾಂ ಹರಳನ್ನು ಬುಕ್ನರ್ ಫನೆಲ್‌ಗೆ, ಅಂದರೆ ಪಂಪಿನಿಂದ ಎಳೆದು ಸೋಸುವ ಆಲಿಕೆಗೆ ಹಾಕಿದರು. ಪಂಪು ಎಳೆಯುತ್ತಿರುವಾಗ ಮೇಲಿಂದ ಸ್ವಲ್ಪ ಶುದ್ಧ ನೀರು ಚಿಮುಕಿಸಿದರು. ಒಣಗಿಸಿ, ತನಿಖೆಗೆ ಮಾತ್ರ ಅಂತ ನೋಟ್‌ಬುಕ್ಕಲ್ಲಿ ಬರೆಸಿ, "ಈಗ ನೋಡು" ಎಂದರು. ಮಸುಕು ಸ್ಟ್ಯಾಂಡರ್ಡಿಗಿಂತ ಎಷ್ಟೋ ಕಡಿಮೆ. ಯಾವ ಬೆಳಕಿಗೆ ಹಿಡಿದರೂ ಕಡಿಮೆಯೇ. ಅಂದರೆ ಕೊಳೆ ಹರಳಿನ ಒಳಗಿರಲಿಲ್ಲ, ಮೈಗೆ ಅಂಟಿತ್ತು.

ಇಬ್ಬರೂ ಕೆಳಗಿಳಿದು ಸೆಂಟ್ರಿಫ್ಯೂಜಿನ ಹತ್ತಿರ ಹೋದೆವು. ಅಲ್ಲಿನ ಆಪರೇಟರ್ ವಯಸ್ಸಾದವರು. ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಎಷ್ಟು ಸಲ ತೊಳೆದಿರಿ ಅಂತ ಕೇಳಿದ್ದಕ್ಕೆ ಮುಚ್ಚಿಡಲಿಲ್ಲ. "ಒಂದೇ ಸಲ. ನೀವೇ ಹೇಳಿ ಮೇಡಂ, ಉಪ್ಪಿಗೆ ನೀರು ಹುಯ್ದರೆ ಉಪ್ಪು ಉಳೀತದಾ? ಹೋದ ವಾರ ಮಾಲು ಕಡಿಮೆ ಬಂತು ಅಂತ ಬೈಸಿಕೊಂಡಿದ್ದು ನಾನಲ್ವಾ?"

ಲೆಕ್ಕ ಹಾಕಿದರೆ ಅವರ ಮಾತು ನಿಜ. ಹತ್ತು ಲೀಟರ್ ನೀರು ಮೂರೂವರೆ ಕೆಜಿ ಉಪ್ಪನ್ನು ಕರಗಿಸಿಕೊಂಡು ಹೋಗಬಲ್ಲದು. ಮೇಲಾಗಿ ಆ ತಾಯಿ ನೀರು ನಾಲ್ಕನೇ ಸುತ್ತಿನದು. ಪ್ರತಿ ಸುತ್ತಿಗೂ ಅದರಲ್ಲಿ ಸಲ್ಫೇಟು, ಪೊಟ್ಯಾಸಿಯಂ ಏರುತ್ತಾ ಹೋಗಿರುತ್ತದೆ. ಬ್ಯಾಚ್ ಕಾರ್ಡು ತೆಗೆದು ನೋಡಿದೆ. "ಚೆನ್ನಾಗಿ ತೊಳೆಯುವುದು" ಅಂತಷ್ಟೇ ಇತ್ತು. ಎಷ್ಟು ನೀರು, ಎಷ್ಟು ಸಲ, ಒಂದೂ ಇಲ್ಲ. ನನ್ನ ಪ್ರಕಾರ ತಪ್ಪು ಅಣ್ಣನದಕ್ಕಿಂತ ಆ ಸಾಲು ಬರೆದವರದು ಜಾಸ್ತಿ.

ಇಷ್ಟು ಸಲ್ಫೇಟಿನಿಂದ ಯಾರಿಗೇನಾಗುತ್ತೆ ಅಂತ ಮೆಟ್ಟಿಲು ಹತ್ತುವಾಗ ಕೇಳಿಯೇಬಿಟ್ಟೆ. "ಇಷ್ಟರಿಂದ ಏನೂ ಆಗಲ್ಲ" ಎಂದರು ಮೇಡಂ. "ಆದರೆ ಸಲ್ಫೇಟು ಉಳಿದಿದೆ ಅಂದ್ರೆ ಆ ನೀರಲ್ಲಿದ್ದ ಬೇರೆಯದೂ ಉಳಿದಿರುತ್ತೆ. ನಮ್ಮ ಕಣ್ಣಿಗೆ ಬಿದ್ದಿದ್ದು ಇದು ಅಷ್ಟೇ."

ಲಾರಿ ಖಾಲಿ ಹೋಯಿತು. ಚೀಲಗಳ ಮೇಲಿನ, ಪರೀಕ್ಷೆ ಬಾಕಿ ಅನ್ನುವ ಹಳದಿ ಲೇಬಲ್ ತೆಗೆದು, ಫೇಲು ಅನ್ನುವ ಕೆಂಪು ಅಂಟಿಸಿದೆವು. ಫೋನಿನಲ್ಲಿ ಮೇಡಂ ಯಾರಿಂದ ಏನೇನು ಕೇಳಿಸಿಕೊಂಡರೋ, ಬಾಗಿಲು ಹಾಕಿತ್ತು. ಆ ಬ್ಯಾಚನ್ನು ಮತ್ತೆ ಕರಗಿಸಿ ಮೊದಲಿಂದ ಮಾಡಬೇಕಾಯಿತು.

ಮುಂದಿನ ವಾರ ಕಾರ್ಡಿನಲ್ಲಿ ನೀರಿನ ಅಳತೆ ಬಂತು. ಅಣ್ಣನಿಗೆ ಬೇರಿಯಂ ಕ್ಲೋರೈಡ್ ದ್ರಾವಣದ ಚಿಕ್ಕ ಡ್ರಾಪರ್ ಬಾಟಲಿಯೂ, ಕೈಗವಸೂ ಸಿಕ್ಕಿತು. ಸೆಂಟ್ರಿಫ್ಯೂಜಿನಿಂದ ಹೊರಬರುವ ನೀರನ್ನು ಟೆಸ್ಟ್‌ಟ್ಯೂಬಿನಲ್ಲಿ ಹಿಡಿದು ಎರಡು ಹನಿ ಹಾಕುವುದು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಟ್ಯೂಬು ಹಿಡಿದುಕೊಂಡು ಲ್ಯಾಬಿನ ಬಾಗಿಲಿಗೇ ಬಂದರು.

"ನೋಡಿ ಮೇಡಂ, ನಂಗ್ಯಾಕೋ ಇನ್ನೂ ಮಸುಕಾಗೇ ಕಾಣ್ತಾ ಇದೆ. ಇನ್ನೊಂದು ನೀರು ಕೊಡ್ಲಾ?"

ಕಪ್ಪು ಹಾಳೆ ತಂದು ಟ್ಯೂಬಿನ ಹಿಂದೆ ಹಿಡಿದೆ.