‘ಬಿಡುವಿಲ್ಲ’ ಅಂದರೆ ಸಾಕು, ಯಾಕೆ ಅನ್ನುವುದು ಬೇಡ

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಒಂದು ಗುರುವಾರ ಬೆಳಿಗ್ಗೆ ಇತ್ತು. ಮ್ಯಾನೇಜರ್‌ಗೆ ಹೇಳಿ ರಜೆ ಹಾಕಿದ್ದೆ, ಆಫೀಸಿನ ಕ್ಯಾಲೆಂಡರ್‌ನಲ್ಲೂ ಆ ದಿನದ ಮೇಲೆ ‘ರಜೆ’ ಎಂದು ಬರೆದಿದ್ದೆ. ಆದರೂ ಹನ್ನೊಂದು ಗಂಟೆಗೆ, ಥಿಯೇಟರಿನ ಹೊರಗೆ ಕೂತಿದ್ದಾಗ ಫೋನ್ ಬಂತು. “ಡೆಮೊಗೆ ಎಲ್ಲರೂ ಸೇರಿದ್ದಾರೆ, ನೀವೆಲ್ಲಿ?” ಗ್ರಾಹಕರ ಕಡೆಯವರೇ ಆರು ಜನ ಕಾಯುತ್ತಿದ್ದರು. ಹಿಂದಿನ ಸಂಜೆ, ನಾನು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ತಂಡಕ್ಕೆ ಹೊಸದಾಗಿ ಬಂದಿದ್ದ ಹುಡುಗಿ ಆ ಮೀಟಿಂಗ್ ಇಟ್ಟಿದ್ದಳು. ಅವಳದೇನೂ ತಪ್ಪಿರಲಿಲ್ಲ. ಅವಳು ನೋಡಿದಾಗ ನನ್ನ ಗುರುವಾರ ಪೂರ್ತಿ ಖಾಲಿಯಾಗಿಯೇ ಕಂಡಿತ್ತು.

ಕಾರಣ ಆಮೇಲೆ ತಿಳಿಯಿತು. ನಾನು ‘ರಜೆ’ಯನ್ನು ಇಡೀ ದಿನದ ಕಾರ್ಯಕ್ರಮವಾಗಿ ಹಾಕಿದ್ದೆ. ಹುಟ್ಟುಹಬ್ಬ, ವಾರ್ಷಿಕೋತ್ಸವಗಳೂ ಹೀಗೇ ಬರುವುದರಿಂದ, ನಾವು ಬಳಸುವ ಕ್ಯಾಲೆಂಡರ್ ಇಡೀ ದಿನದ್ದನ್ನೆಲ್ಲ ತಾನಾಗಿ ‘ಫ್ರೀ’ ಎಂದೇ ದಾಖಲಿಸುತ್ತದೆ. ಬೇರೆ ಬೇರೆ ಕ್ಯಾಲೆಂಡರ್‌ಗಳು ಒಂದಕ್ಕೊಂದು ಮಾತಾಡಲು ಐಕ್ಯಾಲೆಂಡರ್ ಎಂಬ ಮಾನದಂಡವಿದೆ. 1998ರಲ್ಲಿ ಬಂದದ್ದು, 2009ರಲ್ಲಿ ಪರಿಷ್ಕರಣೆಯಾಯಿತು. ಅದರಲ್ಲಿ ಪ್ರತಿಯೊಂದು ಕಾರ್ಯಕ್ರಮವೂ ‘ಒಪೇಕ್’ ಇಲ್ಲವೇ ‘ಟ್ರಾನ್ಸ್‌ಪರೆಂಟ್’. ಒಪೇಕ್ ಆದರೆ ಗೋಡೆ ಇದ್ದಂತೆ, ಆ ಹೊತ್ತು ನಮ್ಮದು. ಟ್ರಾನ್ಸ್‌ಪರೆಂಟ್ ಆದರೆ ಗಾಜು, ಸಮಯ ಹುಡುಕುವವರ ಕಣ್ಣು ಅದನ್ನು ದಾಟಿ ಹೋಗುತ್ತದೆ. ನಾನು ಗಾಜಿನ ಮೇಲೆ ‘ರಜೆ’ ಎಂದು ಬರೆದು ಹೋಗಿದ್ದೆ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿದ್ದೇನೆ. ಇಲ್ಲಿನ ಹದಿನಾಲ್ಕು ಜನ, ಲಂಡನ್ನಿನ ಐದು ಜನ, ಇವರನ್ನು ಒಂದೇ ಹೊತ್ತಿಗೆ ಕೂರಿಸುವುದೇ ನನ್ನ ಕೆಲಸದ ದೊಡ್ಡ ಭಾಗ. ಆ ಗುರುವಾರದ ನಂತರ ಹೆದರಿಕೆಯಲ್ಲಿ ಮನೆಯ ಸಂಗತಿಗಳನ್ನೆಲ್ಲ ಆಫೀಸ್ ಕ್ಯಾಲೆಂಡರ್‌ಗೇ ತುಂಬಿಸಿದೆ: ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್, ಗ್ಯಾಸ್ ಬುಕಿಂಗ್, ಅಪ್ಪನ ಆಂಕಾಲಜಿ ಅಪಾಯಿಂಟ್‌ಮೆಂಟ್. ಅವುಗಳ ಹೆಸರು ಆಫೀಸಿನವರಿಗೂ ಕಾಣುತ್ತಿತ್ತು. ಒಂದು ದಿನ ಲಿಫ್ಟಿನಲ್ಲಿ ಪಕ್ಕದ ತಂಡದವರೊಬ್ಬರು ಕಾಳಜಿಯಿಂದಲೇ ಕೇಳಿದರು, “ಅಪ್ಪನಿಗೆ ಹೇಗಿದೆ, ಕೀಮೋ ಶುರುವಾಯಿತಾ?” ಅಪ್ಪನ ವಿಷಯ ನಾನಿನ್ನೂ ನನ್ನ ತಂಗಿಗೇ ಪೂರ್ತಿ ಹೇಳಿರಲಿಲ್ಲ. ಆರನೇ ಮಹಡಿ ಬರುವವರೆಗೆ ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಪಾಠ ಹಳೆಯ ಕೆಲಸದಲ್ಲೇ ಆಗಿತ್ತು, ಮರೆತಿದ್ದೆ. ಅಲ್ಲಿಂದ ಹೊರಟ ದಿನ ಸಂಜೆ ಆರಕ್ಕೆ ನನ್ನ ಅಕೌಂಟ್ ಮುಚ್ಚಿತು. ಅದರೊಳಗಿದ್ದ ವಿಮೆಯ ಕಂತಿನ ದಿನಾಂಕಗಳು, ಮಗಳ ಲಸಿಕೆಯ ದಿನಗಳು, ಎಲ್ಲವೂ ಅದರ ಜೊತೆಗೇ ಹೋದವು. ಕಂಪನಿಯ ಕ್ಯಾಲೆಂಡರ್ ಕಂಪನಿಯದು. ಅದನ್ನು ನೋಡುವ ಹಕ್ಕು ಅವರದು, ಮುಚ್ಚುವ ಹಕ್ಕೂ ಅವರದೇ.

ಅಂದಿನಿಂದ ಎರಡು ಕ್ಯಾಲೆಂಡರ್ ಬೇರೆ ಬೇರೆ. ಮನೆಯದ್ದು ನನ್ನ ಸ್ವಂತ ಗೂಗಲ್ ಅಕೌಂಟಿನಲ್ಲಿ, ಗಂಡನ ಜೊತೆ ಹಂಚಿಕೊಂಡದ್ದು. ಆಫೀಸಿನದು ಔಟ್‌ಲುಕ್‌ನಲ್ಲಿ. ಆದರೆ ಬೇರೆ ಮಾಡಿಟ್ಟರಷ್ಟೇ ಆಗಲಿಲ್ಲ. ಮನೆಯದ್ದು ಆಫೀಸಿಗೆ ಕಾಣದಿದ್ದರೆ ಮತ್ತೆ ಅದೇ ಗುರುವಾರ. ಮೊದಲು ಸುಲಭದ ದಾರಿ ಹಿಡಿದೆ. ಗೂಗಲ್ ಕ್ಯಾಲೆಂಡರಿಗೆ ಒಂದು ಗುಪ್ತ ಐಸಿಎಸ್ (ಐಕ್ಯಾಲೆಂಡರ್ ಫೈಲಿನ) ಲಿಂಕ್ ಇರುತ್ತದೆ, ಅದನ್ನು ಔಟ್‌ಲುಕ್‌ಗೆ ಅಂಟಿಸಿದರೆ ಎರಡೂ ಒಂದೇ ಪರದೆಯಲ್ಲಿ ಕಾಣುತ್ತವೆ. ಚೆನ್ನಾಗಿ ಕಂಡಿತು, ನನಗೆ ಮಾತ್ರ. ಹಾಗೆ ಸಬ್‌ಸ್ಕ್ರೈಬ್ ಮಾಡಿದ ಕ್ಯಾಲೆಂಡರ್ ನಮ್ಮ ಕಣ್ಣಿಗಷ್ಟೇ ಪಕ್ಕದಲ್ಲಿ ನಿಲ್ಲುತ್ತದೆ. ಸಹೋದ್ಯೋಗಿ ಸಮಯ ಹುಡುಕುವಾಗ, ಎಲ್ಲರ ಬಿಡುವನ್ನು ಒಟ್ಟಿಗೆ ತೋರಿಸುವ ಔಟ್‌ಲುಕ್‌ನ ಶೆಡ್ಯೂಲಿಂಗ್ ಅಸಿಸ್ಟೆಂಟ್ ನೋಡುವುದು ನನ್ನ ಮುಖ್ಯ ಆಫೀಸ್ ಕ್ಯಾಲೆಂಡರನ್ನು. ಮೇಲಾಗಿ ಆ ಲಿಂಕ್ ಆಗಿಂದಾಗ ತಾಜಾ ಆಗುವುದಿಲ್ಲ. ಬೆಳಿಗ್ಗೆ ಬದಲಿಸಿದ್ದು ರಾತ್ರಿಯಾದರೂ ಬಾರದ ದಿನಗಳನ್ನು ಕಂಡಿದ್ದೇನೆ. ಎರಡು ಅಕೌಂಟುಗಳನ್ನು ತಾವೇ ಹೊಂದಿಸುವ ಆ್ಯಪ್‌ಗಳೂ ಇವೆ. ಆದರೆ ಆಫೀಸಿನ ಅಕೌಂಟಿಗೆ ಹೊರಗಿನ ಆ್ಯಪ್ ಜೋಡಿಸಲು ನಮ್ಮ ಐಟಿಯವರ ಒಪ್ಪಿಗೆ ಬೇಕು, ಕೇಳದೆ ಜೋಡಿಸುವುದು ಸರಿಯಲ್ಲ.

ಈಗ ಮಾಡುವುದು ಕೈಕೆಲಸ. ಭಾನುವಾರ ರಾತ್ರಿ, ಮಗಳ ಚೀಲ ಜೋಡಿಸಿಟ್ಟ ಮೇಲೆ, ಮುಂದಿನ ಎರಡು ವಾರದ ಮನೆ ಕ್ಯಾಲೆಂಡರ್ ತೆರೆಯುತ್ತೇನೆ. ಆಫೀಸಿನ ಹೊತ್ತಿಗೆ ತಾಗುವುದನ್ನು ಮಾತ್ರ ಆ ಕಡೆ ದಾಟಿಸುತ್ತೇನೆ. ಊರಿಗೆ ಹೋಗುವ ರೈಲಿನ ಬುಕಿಂಗ್ 60 ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಅದು ಮನೆಯ ಕ್ಯಾಲೆಂಡರಿನಲ್ಲೇ ಇರಲಿ, ಆಫೀಸಿಗೆ ಅದರಿಂದ ಏನೂ ಆಗಬೇಕಿಲ್ಲ. ಹತ್ತು ಗಂಟೆಯ ಡಾಕ್ಟರ್ ಭೇಟಿ ದಾಟಬೇಕು. ದಾಟುವಾಗ ಹೆಸರು ಕಳಚಿ ‘ಬಿಡುವಿಲ್ಲ’ ಆಗುತ್ತದೆ, ‘ಪ್ರೈವೇಟ್’ ಗುರುತು ಬೀಳುತ್ತದೆ, ಸ್ಥಿತಿ ‘ಬ್ಯುಸಿ’ ಎಂದಿದೆಯೇ ಎಂದು ಇನ್ನೊಮ್ಮೆ ನೋಡುತ್ತೇನೆ. ಸಮಯವೂ ಹಿಗ್ಗುತ್ತದೆ. ಮನೆಯ ಕ್ಯಾಲೆಂಡರಿನಲ್ಲಿ ಹತ್ತರಿಂದ ಹತ್ತೂವರೆ ಇದ್ದದ್ದು ಆಫೀಸಿನಲ್ಲಿ ಒಂಬತ್ತರಿಂದ ಹನ್ನೆರಡೂವರೆ. ರಾಜಾಜಿನಗರದಿಂದ ಔಟರ್ ರಿಂಗ್ ರೋಡಿಗೆ ಬಂದು ಸೇರುವ ಹೊತ್ತು ನನ್ನ ಕ್ಯಾಲೆಂಡರಿಗೆ ತಾನಾಗಿ ಗೊತ್ತಾಗುವುದಿಲ್ಲ. ಯಂತ್ರಕ್ಕೆ ಬಿಡದೆ ಕೈಯಿಂದಲೇ ದಾಟಿಸುವುದನ್ನು ನಾನು ಇಷ್ಟಪಡುವುದೂ ಇದಕ್ಕೇ. ಹದಿನೈದು ನಿಮಿಷ ಹಿಡಿಯುತ್ತದೆ. ಸರಿಸಬಹುದಾದ್ದು ‘ಟೆಂಟೆಟಿವ್’, ಸರಿಸಲಾಗದ್ದು ‘ಬ್ಯುಸಿ’. ಈ ವ್ಯತ್ಯಾಸ ಕಾಪಾಡಿಕೊಂಡರೆ ಬೇರೆಯವರಿಗೂ ಉಪಕಾರ.

ಎರಡನ್ನೂ ಒಟ್ಟಿಗೆ ನೋಡದಿದ್ದರೆ ತಿಳಿಯದ ಒಂದು ಡಿಕ್ಕಿ ಪ್ರತಿ ಮಾರ್ಚಿಗೆ ಬರುತ್ತದೆ. ಲಂಡನ್ ತಂಡದ ಜೊತೆ ಮಂಗಳವಾರದ ಮೀಟಿಂಗ್ ಅವರ ಮಧ್ಯಾಹ್ನ ಎರಡಕ್ಕೆ. ಚಳಿಗಾಲದಲ್ಲಿ ನಮಗದು ಸಂಜೆ ಏಳೂವರೆ. ಮಗಳನ್ನು ಆರೂ ಕಾಲರ ವೀಣೆ ಕ್ಲಾಸಿನಿಂದ ಕರೆತಂದು ಕೂರಲು ಸಾಕಷ್ಟು ಸಮಯ. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಭಾರತದಲ್ಲಿ ಹೋಗುವುದಿಲ್ಲ. ಅವರಿಗೆ ಆಗಲೂ ಎರಡು ಗಂಟೆಯೇ, ನಮಗೆ ಆರೂವರೆ. ವೀಣೆಯ ಮೇಲೇ ಬಂದು ಕೂರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಹಾಗೇ. ಮೊದಲ ವರ್ಷ ಇದು ಮಂಗಳವಾರ ಸಂಜೆಯೇ ಗೊತ್ತಾಗಿ, ಮಗು ಕ್ಲಾಸಿನ ಮೆಟ್ಟಿಲಲ್ಲಿ ಮುಕ್ಕಾಲು ಗಂಟೆ ಒಬ್ಬಳೇ ಕೂತಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಈಗ ಮಾರ್ಚ್ ಮೊದಲ ವಾರದಲ್ಲೇ ಏಪ್ರಿಲ್ ತಿಂಗಳು ತೆರೆದು ಎರಡನ್ನೂ ಅಕ್ಕಪಕ್ಕ ಇಡುತ್ತೇನೆ, ಆ ಏಳು ತಿಂಗಳಿಗೆ ಮೀಟಿಂಗನ್ನು ಅವರ ಮಧ್ಯಾಹ್ನ ಮೂರಕ್ಕೆ ಸರಿಸಲು ಕೇಳುತ್ತೇನೆ. ಒಮ್ಮೆಯೂ ಇಲ್ಲ ಅಂದಿಲ್ಲ.

ಇಷ್ಟೆಲ್ಲ ಆದ ಮೇಲೆ ಬದಲಾದದ್ದು ನಾನು ಬೇರೆಯವರ ಕ್ಯಾಲೆಂಡರ್ ಓದುವ ರೀತಿ. ಖಾಲಿ ಜಾಗ ಕಂಡ ಕೂಡಲೇ ಅದು ನನ್ನದೆಂದು ತಿಳಿಯುತ್ತಿದ್ದೆ. ಈಗ ತೀರಾ ಹತ್ತಿರದ ದಿನಕ್ಕೆ ಮೀಟಿಂಗ್ ಇಡಬೇಕಾದರೆ ಮೊದಲು ಒಂದು ಸಾಲು ಬರೆದು ಕೇಳುತ್ತೇನೆ. ತುಂಬಿದ ಜಾಗ ಕಂಡರೆ “ಅಲ್ಲೇನಿದೆ?” ಎಂದು ಕೇಳುವುದಿಲ್ಲ, “ಇದನ್ನು ಸರಿಸಬಹುದೇ?” ಎಂದಷ್ಟೇ ಕೇಳುತ್ತೇನೆ. ನಮ್ಮ ತಂಡದ ಒಬ್ಬಳ ಕ್ಯಾಲೆಂಡರಿನಲ್ಲಿ ದಿನವೂ ಒಂದೂವರೆಯಿಂದ ಎರಡೂ ಕಾಲರವರೆಗೆ ಬ್ಯುಸಿ. ಕೆಳಗಿನ ಮಹಡಿಯ ಕ್ರೆಶ್‌ನಲ್ಲಿ ಅವಳ ಏಳು ತಿಂಗಳ ಮಗುವಿದೆ ಎಂದು ಎಷ್ಟೋ ವಾರದ ನಂತರ, ಅವಳಾಗಿಯೇ ಹೇಳಿದಾಗ ತಿಳಿಯಿತು. ಆ ಎಷ್ಟೋ ವಾರ ಯಾರೂ ಕೇಳದೆ ಆ ಹೊತ್ತನ್ನು ಬಿಟ್ಟುಕೊಟ್ಟಿದ್ದರಲ್ಲ, ಅದು ನನಗೆ ನಮ್ಮ ತಂಡದ ಬಗ್ಗೆ ನಿಜವಾದ ಹೆಮ್ಮೆ.

ಹೋದ ವಾರ ಅಪ್ಪನ ಸ್ಕ್ಯಾನ್ ಇತ್ತು. ಒಂಬತ್ತರಿಂದ ಒಂದರವರೆಗೆ ‘ಬಿಡುವಿಲ್ಲ’. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದೆ. ಫೋನ್ ಒಮ್ಮೆ ನಡುಗಿತು. ಡೆಮೊ ಇಟ್ಟಿದ್ದಳಲ್ಲ, ಅದೇ ಹುಡುಗಿ ಬರೆದಿದ್ದಳು: “ರಿವ್ಯೂ ಎರಡೂವರೆಗೆ ಹಾಕಿದ್ದೇನೆ. ಅದಕ್ಕೂ ಮೊದಲು ನಿಮ್ಮನ್ನು ಯಾರೂ ಕರೆಯುವುದಿಲ್ಲ.”