ನಿಫ್ಟಿಗೆ ಕೃತಕ ಕುಸಿತ: ಮಾದರಿ ಎಲ್ಲಿಯವರೆಗೆ ಬಂತು

2000ದಿಂದ 2019ರ ಕೊನೆಯವರೆಗಿನ ನಿಫ್ಟಿ ಏರಿಳಿತ, ಡಾಲರ್ ಎದುರು ರೂಪಾಯಿ ದರ, ಹತ್ತು ವರ್ಷದ ಸರ್ಕಾರಿ ಬಾಂಡ್ ಇಳುವರಿ, ಇಷ್ಟನ್ನು ಉಣಿಸಿ ಬೆಳೆಸಿದ ಗ್ಯಾನ್ (ಅಸಲಿಯಂತೆ ಕಾಣುವ ಕೃತಕ ದತ್ತಾಂಶ ಹುಟ್ಟಿಸುವ ಎಐ) ಮಾದರಿ ಈಗ ಸಾಧಾರಣ ದಿನಗಳನ್ನು ನಂಬುವಂತೆ ಹುಟ್ಟಿಸುತ್ತಿದೆ. ಗದ್ದಲದ ದಿನದ ಬೆನ್ನಿಗೇ ಗದ್ದಲದ ದಿನ ಬರುವ ಪೇಟೆಯ ಚಾಳಿಯೂ ಅದಕ್ಕೆ ದಕ್ಕಿದೆ. ಆದರೆ ಒತ್ತಡ ಪರೀಕ್ಷೆಗೆ, ಅಂದರೆ ಪೇಟೆ ಕುಸಿದರೆ ಹೂಡಿಕೆ ಎಷ್ಟು ತಾಳಬಲ್ಲದು ಎಂದು ನೋಡಲು, ಸಾಧಾರಣ ದಿನ ಕಟ್ಟಿಕೊಂಡು ಏನಾಗಬೇಕು?

2020ನ್ನು ಬೇಕೆಂದೇ ಹೊರಗಿಟ್ಟಿದ್ದೇನೆ. ಆ ಮಾರ್ಚ್ 23ರಂದು ನಿಫ್ಟಿ ಶೇ. 12.98 ಕುಸಿಯಿತು. ಅದನ್ನು ಕಾಣದ ಮಾದರಿ ಅಂಥದ್ದನ್ನು ತಾನಾಗಿ ಕಲ್ಪಿಸಬಲ್ಲದೇ ಎಂಬುದೇ ಪರೀಕ್ಷೆ. ಕಲಿಯಲು ಅದಕ್ಕೆ ಸಿಕ್ಕಿರುವ ಶೇ. 12 ಮೀರಿದ ಕುಸಿತಗಳು 2004ರ ಮೇ 17 ಮತ್ತು 2008ರ ಅಕ್ಟೋಬರ್ 24, ಅಷ್ಟೇ. ಇನ್ನೊಂದು ತಮಾಷೆಯೆಂದರೆ, ಈ ದತ್ತಾಂಶದ ಅತಿ ದೊಡ್ಡ ಚಲನೆ ಕುಸಿತವೇ ಅಲ್ಲ. ಚುನಾವಣಾ ಫಲಿತಾಂಶದ ನಂತರದ ಸೋಮವಾರ, 2009ರ ಮೇ 18ರಂದು, ನಿಫ್ಟಿ ಶೇ. 17.74 ಜಿಗಿದು ವಹಿವಾಟೇ ನಿಂತುಹೋಯಿತು. ಹಾಗಾಗಿ ಮಾದರಿಯ ಅತಿರೇಕಗಳೆಲ್ಲ ಮೇಲ್ಮುಖವಾಗಿಯೇ ಬರುತ್ತಿದ್ದವು.

ಈಗ ಕೆಲಸ ಹಂಚಿದ್ದೇನೆ. ದಿನಗಳ ಸರಣಿ ಗ್ಯಾನ್‌ನದು. ಕುಸಿತದ ಆಳ, ದೊಡ್ಡ ನಷ್ಟಗಳಿಗಷ್ಟೇ ಹೊಂದಿಸಿದ ಪರೇಟೊ ವಿತರಣೆಯದು (ಅಪರೂಪದ ದೊಡ್ಡ ಘಟನೆಗಳ ಸಾಧ್ಯತೆ ಅಳೆಯುವ ಸಂಖ್ಯಾಶಾಸ್ತ್ರದ ಸೂತ್ರ). ತಕ್ಷಣ ಆಳ ಬಂತು, ಅತಿಯಾಗಿಯೇ ಬಂತು: ಒಂದು ಸರಣಿಯಲ್ಲಿ ಒಂದೇ ದಿನಕ್ಕೆ ಶೇ. 27 ಇಳಿಕೆ. 2001ರಿಂದ ಸೂಚ್ಯಂಕಕ್ಕೆ ಶೇ. 10, 15, 20ರ ಸರ್ಕ್ಯೂಟ್ ಮಿತಿಗಳಿವೆ, ಅಂದರೆ ಅಷ್ಟು ಏರಿದರೆ ಅಥವಾ ಇಳಿದರೆ ವಹಿವಾಟು ನಿಲ್ಲಿಸುವ ಗೆರೆಗಳು. 20 ಮುಟ್ಟಿದರೆ ಆ ದಿನದ ವಹಿವಾಟು ಮುಗಿಯಿತು. ಆದ್ದರಿಂದ 20ರ ಆಚೆಗಿನ ಪಾಲನ್ನು ಮರುದಿನಕ್ಕೆ ದಾಟಿಸುವ ನಿಯಮ ಬರೆದೆ. ಮಾರಲಾಗದೆ ಸಿಕ್ಕಿಬಿದ್ದ ಹೂಡಿಕೆದಾರನ ಸಂಕಟ ಈಗ ಲೆಕ್ಕಕ್ಕೆ ಬರುತ್ತಿದೆ, ಇದು ನನಗೆ ಇಷ್ಟವಾಯಿತು.

ಬಾಕಿ ಇರುವ ತೊಡಕು ರೂಪಾಯಿ. ನಿಫ್ಟಿ ಪಾತಾಳಕ್ಕಿಳಿದ ದಿನವೂ ಅದು ಏನೂ ಆಗದವರಂತೆ ಕುಳಿತಿರುತ್ತದೆ. ಆಳವನ್ನು ಒಂದೇ ಕಾಲಂಗೆ ಅಂಟಿಸಿದ್ದರ ಫಲ ಅದು. ಮೂರನ್ನೂ ಒಟ್ಟಿಗೆ ಅಲುಗಿಸಲು ಕಾಪ್ಯುಲಾ (ಹಲವು ದರಗಳ ಏರಿಳಿತವನ್ನು ಒಂದಕ್ಕೊಂದು ಬೆಸೆಯುವ ಗಣಿತ ವಿಧಾನ) ಪ್ರಯತ್ನಿಸುತ್ತಿದ್ದೇನೆ.

ದಿನದಂತ್ಯದ ದರವೂ ಸಾಲದು. 2020ರ ಮಾರ್ಚ್ 13ರಂದು ಬೆಳಿಗ್ಗೆ ನಿಫ್ಟಿ ಶೇ. 10 ಬಿದ್ದು ವಹಿವಾಟು 45 ನಿಮಿಷ ನಿಂತಿತು. ಸಂಜೆ ನೋಡಿದರೆ ಶೇ. 3.8ರಷ್ಟು ಏರಿಕೆ! ದಿನದಂತ್ಯದ ಕಾಲಂನಲ್ಲಿ ಅದು ಸುಖದ ದಿನ. ಸಾಲದ ಮಾರ್ಜಿನ್‌ನಲ್ಲಿ ಷೇರು ಕೊಂಡವನ ಖಾತೆ ಬೆಳಿಗ್ಗೆಯೇ ಖಾಲಿಯಾಗಿರಬಹುದು. ಮುಂದಿನ ತರಬೇತಿಗೆ ದಿನದ ಕನಿಷ್ಠ ದರವನ್ನೂ ಸೇರಿಸುತ್ತಿದ್ದೇನೆ.